ಎರಡು ಮುನ್ನೂರೈವತ್ತು

ಹೋದ ತಿಂಗಳು ಮನೆ ಬದಲಿಸುವಾಗ ಬೀರುವಿನ ಕೆಳಗಿನ ಖಾನೆಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಸಿಕ್ಕಿತು. ಒಳಗೆ ಎರಡು ತಾಯಿ ಕಾರ್ಡುಗಳು. ಒಂದು ಮಡಿಕೆಯಲ್ಲಿ ಹರಿದು ಎರಡು ಹೋಳಾಗಿತ್ತು. ಇನ್ನೊಂದು ಇನ್ನೂ ಗಟ್ಟಿಯಾಗಿತ್ತು. ನಾನು ಅಡುಗೆಮನೆಯ ಡಬ್ಬಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದೆ. ದೊಡ್ಡವಳು ಕಾರ್ಡುಗಳನ್ನು ನೆಲದ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಓದುತ್ತಾ ಕೂತಳು. ಅವಳಿಗೆ ಈಗ 15 ವರ್ಷ. ಸ್ವಲ್ಪ ಹೊತ್ತಿನ ಮೇಲೆ ಹುಟ್ಟಿದಾಗಿನ ತೂಕ ಬರೆದ ಸಾಲು ತೋರಿಸಿ ಕೇಳಿದಳು: "ಅಮ್ಮ, ನಾನು ಎರಡು ಮುನ್ನೂರೈವತ್ತು, ಅವಳು ಮೂರು ಐನೂರೈವತ್ತು. ನಾನ್ಯಾಕೆ ಅಷ್ಟು ಸಣ್ಣಕ್ಕಿದ್ದೆ?"

ಅವಳು ಸುಮ್ನೆ ಕೇಳಿದ್ದು. ನನಗೆ ಮಾತ್ರ ಕೈಯಲ್ಲಿದ್ದ ಡಬ್ಬ ಕೆಳಗಿಡಬೇಕಾಯಿತು. ಇಷ್ಟು ವರ್ಷವೂ ಆ ಪ್ರಶ್ನೆಗೆ ನನ್ನೊಳಗೆ ಇದ್ದದ್ದು ಒಂದೇ ಉತ್ತರ. ನಾನು ಸರಿಯಾಗಿ ತಿನ್ನಲಿಲ್ಲ, ಅದಕ್ಕೇ. ಯಾರೋ ಹೇಳಿದ ಮಾತು ಅದು, ನನ್ನದೇ ಆಗಿ ಕೂತುಬಿಟ್ಟಿತ್ತು. ಆದರೆ ಮಗಳ ಮುಖ ನೋಡಿಕೊಂಡು ಅದನ್ನು ಹೇಳಲು ಆಗಲಿಲ್ಲ. "ಆಮೇಲೆ ಹೇಳ್ತೀನಿ" ಅಂದೆ. ಆ ಆಮೇಲೆ ಬರಲು ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ, ಡಾಕ್ಟರಾಗಿರುವ ಗೆಳತಿಯ ತಲೆ ತಿಂದೆ, ಎರಡೂ ಕಾರ್ಡಿನ ಒಂದೊಂದು ಸಾಲನ್ನೂ ಹೋಲಿಸಿ ನೋಡಿದೆ.

ತಕ್ಕಡಿಯ ಮುಂದೆ

ಅವಳು ಹುಟ್ಟಿದ್ದು ಜನವರಿ ಚಳಿಯಲ್ಲಿ, ಬೆಳಗಿನ ಜಾವ. ಚೊಚ್ಚಲು ಅಂತ ಮಂಡ್ಯ ಕಡೆಯ ನಮ್ಮ ತವರಿಗೆ ಬಂದಿದ್ದೆ. ಕಾರ್ಡಿನಲ್ಲಿ ಬರೆದ ದಿನಕ್ಕೆ ಇನ್ನೂ ಹತ್ತಿರ ಹತ್ತಿರ ಮೂರು ವಾರ ಬಾಕಿ ಇತ್ತು. 37 ವಾರ ಮುಗಿದು ಎರಡು ದಿನ ಅಷ್ಟೇ. ಹೆರಿಗೆ ಆದ ಮೇಲೆ ಮಗುವನ್ನು ಒರೆಸಿ, ನನ್ನ ಕಣ್ಣಳತೆಯಲ್ಲೇ ಇದ್ದ ಮೇಜಿಗೆ ಒಯ್ದರು. ತಗ್ಗಾದ ತಟ್ಟೆಯ ತಕ್ಕಡಿ. ಅದರ ಮೇಲೆ ಹಸಿರು ಬಟ್ಟೆ ಹಾಸಿ, ಬಟ್ಟೆಯ ತೂಕವನ್ನು ಸೊನ್ನೆಗೆ ತಂದು, ಆಮೇಲೆ ಮಗುವನ್ನು ಇಟ್ಟರು. ಕೈ ಬಿಟ್ಟ ಕೂಡಲೇ ಅವಳ ಎರಡೂ ತೋಳು ಒಟ್ಟಿಗೆ ಅಗಲಕ್ಕೆ ಚಾಚಿದವು. ಹತ್ತು ಬೆರಳೂ ಬಿಚ್ಚಿದವು. ಬೀಳುತ್ತಿದ್ದೇನೆ ಅನ್ನಿಸಿರಬೇಕು. ಕೆಂಪು ಅಂಕಿಗಳು ಓಡಿ ಓಡಿ ನಿಂತವು. "ಎರಡು ಮುನ್ನೂರೈವತ್ತು" ಅಂತ ನರ್ಸ್ ಗಟ್ಟಿಯಾಗಿ ಹೇಳಿದರು, ಬರೆದುಕೊಳ್ಳುವವರಿಗೆ ಕೇಳಲಿ ಅಂತ. ಬಾಗಿಲ ಆಚೆ ನಿಂತಿದ್ದ ನೆಂಟರಿಗೂ ಕೇಳಿಸಿತು.

ಎರಡೂವರೆ ಕೆ.ಜಿ.ಗಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಮಗು ಅನ್ನುತ್ತಾರೆ. ಇದು ಇಡೀ ಜಗತ್ತಿಗೆ ಒಂದೇ ಗೆರೆ. ನಮ್ಮ ದೇಶದಲ್ಲಿ 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ತೂಕ ಗೊತ್ತಿದ್ದ ಮಕ್ಕಳ ಪೈಕಿ ನೂರಕ್ಕೆ 18ರಷ್ಟು ಆ ಗೆರೆಯ ಕೆಳಗೇ ಇದ್ದವು. ನನ್ನ ಮಗಳಿಗೆ 150 ಗ್ರಾಂ ಸಾಲದೆ ಹೋಯಿತು. ಒಂದು ಲೋಟ ಹಾಲಿನಷ್ಟೂ ಇಲ್ಲ ಅದು. ಆದರೆ ಆ ದಿನ ವಾರ್ಡಿಗೆ ಬಂದವರಿಗೆ ಅದೇ ಮಾತು. "ಬೆಕ್ಕಿನ ಮರಿ ಹಂಗಿದೆಯಲ್ಲೇ" ಅಂದರು ಒಬ್ಬರು. "ಬಸುರಿಲಿ ಏನು ತಿಂದ್ಲೋ ಏನು ಬಿಟ್ಲೋ" ಅಂದರು ಇನ್ನೊಬ್ಬರು, ನಾನು ಅಲ್ಲೇ ಮಲಗಿರುವಾಗ. ಡಾಕ್ಟರು ಮಾತ್ರ ಮಗುವನ್ನು ಬರಿ ಮೈಯಲ್ಲಿ ನನ್ನ ಎದೆಗೆ ಒತ್ತಿ ಮಲಗಿಸಿ, ಮೇಲೆ ಸೀರೆ ಸುತ್ತಿ, "ಹೀಗೇ ಇಟ್ಕೊಳ್ಳಿ, ಬೆಚ್ಚಗಿದ್ರೆ ಬೆಳೀತಾಳೆ" ಅಂದರು. ಮೂರು ವಾರ ಹಗಲೂ ರಾತ್ರಿ ಹಾಗೇ ಇಟ್ಟುಕೊಂಡೆ. ಅವಳ ಉಸಿರು ನನ್ನ ಕತ್ತಿನ ಕೆಳಗೆ ಒಂದು ಕಡೆ ಬೆಚ್ಚಗೆ ತಾಕುತ್ತಿದ್ದದ್ದು ಈಗಲೂ ಗೊತ್ತಾಗುತ್ತದೆ.

ತಿನ್ನಲಿಲ್ಲ ಅನ್ನುವುದು ಪೂರ್ತಿ ಸುಳ್ಳೇನಲ್ಲ. ಏಳು ತಿಂಗಳಾದ ಮೇಲೆ ರಾತ್ರಿ ಊಟವನ್ನು ಅಮ್ಮ ಅರ್ಧ ಮಾಡಿದ್ದಳು. "ಮಗು ದಪ್ಪ ಆದ್ರೆ ಹೆರೋಕೆ ಕಷ್ಟ, ಆಪರೇಷನ್ ಮಾಡ್ಬಿಡ್ತಾರೆ" ಅನ್ನುವುದು ಅವಳ ಭಯ. ಹೊಟ್ಟೆ ತುಂಬ ಅನ್ನ ಇದ್ದರೆ ಮಗುವಿಗೆ ಜಾಗ ಎಲ್ಲಿರುತ್ತೆ ಅಂತಲೂ ಹೇಳುತ್ತಿದ್ದಳು. ಅಮ್ಮ ಒಬ್ಬಳದೇ ಮಾತಲ್ಲ ಇದು. ದಕ್ಷಿಣ ಕನ್ನಡದ ಬಸುರಿಯರು ಏನು ತಿನ್ನುತ್ತಾರೆ, ಏನು ಬಿಡುತ್ತಾರೆ ಅಂತ ಅಮೆರಿಕದ ಇಬ್ಬರು ಸಂಶೋಧಕರು ಹಳ್ಳಿಗಳಲ್ಲಿದ್ದು ನೋಡಿ 1983ರಲ್ಲಿ ಬರೆದದ್ದರಲ್ಲೂ ಇದೇ ಇದೆ. ಕಬ್ಬಿಣದ ಮಾತ್ರೆ ಉಷ್ಣ ಅಂತಲೂ ಅಮ್ಮ ಹೇಳಿದ್ದಳು. ನನಗೂ ಅದನ್ನು ನುಂಗಿದರೆ ಹೊಟ್ಟೆ ತೊಳಸುತ್ತಿತ್ತು. ಮಾತ್ರೆಗಳು ಹಾಗೇ ಉಳಿದವು. ಕಾರ್ಡಿನಲ್ಲಿ ಏಳನೇ ತಿಂಗಳ ಮುಂದೆ ಹಿಮೋಗ್ಲೋಬಿನ್ 8.2 ಅಂತ ಇದೆ, ಅಂದರೆ ರಕ್ತ ಕಡಿಮೆ. ಮೊದಲ ಸಲ ತೋರಿಸಲು ಹೋದಾಗಿನ ನನ್ನ ತೂಕ 43 ಕೆ.ಜಿ.

ಹೊಸ ಕಾಲುವೆ

ಓದುತ್ತಾ ಹೋದಾಗ ನನ್ನನ್ನು ಮೊದಲು ತಡೆದು ನಿಲ್ಲಿಸಿದ ವಿಷಯ ಇದು. ಬೇರೆಲ್ಲ ಸಮ ಇದ್ದರೂ ಮೊದಲನೇ ಮಗು ಸಾಮಾನ್ಯವಾಗಿ ಎರಡನೆಯದಕ್ಕಿಂತ ಹಗುರ ಇರುತ್ತದೆ. ಸರಾಸರಿಯಲ್ಲಿ 100ರಿಂದ 200 ಗ್ರಾಂ. ಯಾವ ದೇಶದ ಲೆಕ್ಕ ತೆಗೆದರೂ ಹೀಗೇ. ಉಂಡವರು ಉಪವಾಸ ಇದ್ದವರು ಅಂತ ಭೇದವಿಲ್ಲ.

ಕಾರಣ ಗರ್ಭಕೋಶದ ರಕ್ತನಾಳಗಳಲ್ಲಿದೆ. ಅಲ್ಲಿನ ಸಣ್ಣ ನಾಳಗಳು ಸ್ಪ್ರಿಂಗಿನ ಹಾಗೆ ಸುತ್ತಿಕೊಂಡಿರುತ್ತವೆ. ಬಸುರಿನ ಶುರುವಿನಲ್ಲಿ ಮಾಸಿನ, ಅಂದರೆ ಪ್ಲಾಸೆಂಟಾದ, ಜೀವಕೋಶಗಳು ಈ ನಾಳಗಳ ಒಳಕ್ಕೆ ನುಗ್ಗುತ್ತವೆ. ಬಿಗಿಯಾಗಿದ್ದ ಗೋಡೆಯನ್ನು ಸಡಿಲ ಮಾಡಿ, ಬಾಯಿ ಅಗಲ ಮಾಡುತ್ತವೆ. ಆಗ ರಕ್ತ ರಭಸ ಕಳೆದುಕೊಂಡು, ನಿಧಾನವಾಗಿ, ಧಾರಾಳವಾಗಿ ಮಾಸಿಗೆ ಬರುತ್ತದೆ. ಹೆರಿಗೆ ಆದ ಮೇಲೆ ನಾಳಗಳು ಕುಗ್ಗುತ್ತವೆ, ಆದರೆ ಪೂರ್ತಿ ಮೊದಲಿನ ಹಾಗಾಗುವುದಿಲ್ಲ. ಎರಡನೇ ಸಲ ಅರ್ಧ ಕೆಲಸ ಆಗಿಯೇ ಇರುತ್ತದೆ.

ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಸದಾಗಿ ತೋಡಿದ ಕಾಲುವೆಗೆ ಮೊದಲ ವರ್ಷ ನೀರು ಬಿಟ್ಟರೆ ಅರ್ಧ ಅಲ್ಲೇ ಇಂಗುತ್ತದೆ. ಏರಿ ಕುಸಿಯುತ್ತದೆ, ಕೊನೇ ಗದ್ದೆಗೆ ಹೋಗುವಷ್ಟರಲ್ಲಿ ಬೆರಳುದ್ದ ನೀರು. ಮುಂದಿನ ವರ್ಷ ಅದೇ ಕಾಲುವೆಯಲ್ಲಿ ನೀರು ಸಲೀಸಾಗಿ ಹರಿಯುತ್ತದೆ. ಮೊದಲ ವರ್ಷದ ಬೆಳೆ ಸೊರಗಿದರೆ ಗದ್ದೆಯನ್ನು ಯಾರೂ ಬೈಯುವುದಿಲ್ಲ, ಅಲ್ವಾ?

ಇದನ್ನು ಓದಿದ ರಾತ್ರಿ ನಾನು ಬಹಳ ಹೊತ್ತು ಮಲಗಲಿಲ್ಲ. ನನ್ನ ದೊಡ್ಡ ಮಗಳು ನನ್ನ ಮೈಯಲ್ಲಿ ದಾರಿ ಮಾಡಿಕೊಂಡು ಬಂದವಳು. ಚಿಕ್ಕವಳು ಆ ದಾರಿಯಲ್ಲಿ ನಡೆದು ಬಂದವಳು.

ಆಮೇಲೆ ವಾರಗಳ ಲೆಕ್ಕ. ಕೊನೇ ದಿನಗಳಲ್ಲಿ ಮಗು ವಾರಕ್ಕೆ ಹೆಚ್ಚು ಕಡಿಮೆ 200 ಗ್ರಾಂ ತುಂಬಿಕೊಳ್ಳುತ್ತದೆ. ಚಿಕ್ಕವಳು ಹುಟ್ಟಿದ್ದು 39 ವಾರ ದಾಟಿದ ಮೇಲೆ. ಅಂದರೆ ಅಕ್ಕನಿಗಿಂತ ಎರಡು ವಾರ ಜಾಸ್ತಿ ಒಳಗಿದ್ದಳು. ಗಂಡು ಮಕ್ಕಳು ಸರಾಸರಿ 100 ಗ್ರಾಂಗಿಂತ ಸ್ವಲ್ಪ ಜಾಸ್ತಿ ತೂಗುತ್ತವೆ. ನನ್ನವರಿಬ್ಬರೂ ಹುಡುಗಿಯರು, ಹಾಗಾಗಿ ಅದನ್ನು ಬಿಡಬಹುದು. ಎರಡು ಹೆರಿಗೆಯ ನಡುವಿನ ಅಂತರವೂ ಲೆಕ್ಕಕ್ಕೆ ಬರುತ್ತದೆ. ಒಂದು ಹೆತ್ತ ಮೇಲೆ ಇನ್ನೊಂದು ಬಸುರಿಗೆ ಎರಡು ವರ್ಷವಾದರೂ ಬಿಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೈ ಕಳೆದುಕೊಂಡದ್ದನ್ನು ತುಂಬಿಕೊಳ್ಳಲು ಅಷ್ಟು ಬೇಕು. ನಮಗೆ ಆರು ವರ್ಷದ ಅಂತರ. ಮೊದಲ ಬಸುರಿನಲ್ಲಿ ತವರಿನ ಸೌದೆ ಒಲೆಯ ಹೊಗೆಯಲ್ಲಿ ದಿನಕ್ಕೆ ಮೂರು ಹೊತ್ತು ಕೂರುತ್ತಿದ್ದೆ. ಆ ಹೊಗೆಯೂ ಮಗುವಿನ ತೂಕ ಇಳಿಸುತ್ತದೆ. ಎರಡನೆಯ ಸಲ ಮೈಸೂರಿನಲ್ಲಿದ್ದೆ, ಗ್ಯಾಸ್ ಒಲೆ.

ಒಂದು ರಾತ್ರಿ ಕಾಗದದ ಮೇಲೆ ಕೂಡಿಸಿಯೇ ನೋಡಿದೆ. ಇಬ್ಬರ ನಡುವೆ ವ್ಯತ್ಯಾಸ 1,200 ಗ್ರಾಂ. ಎರಡು ವಾರಕ್ಕೆ 400. ಮೊದಲನೆಯದು ಎರಡನೆಯದು ಅನ್ನುವುದಕ್ಕೆ 150. ಉಳಿದ 650ರಲ್ಲಿ ರಕ್ತ ಕಡಿಮೆ ಇದ್ದದ್ದಕ್ಕೆ ಎಷ್ಟು, ಹೊಗೆಗೆ ಎಷ್ಟು, ಅಮ್ಮ ಕಡಿಮೆ ಮಾಡಿದ ರಾತ್ರಿ ಊಟಕ್ಕೆ ಎಷ್ಟು? ಪೆನ್ನು ಕೆಳಗಿಟ್ಟೆ. ಸಾವಿರಾರು ಹೆರಿಗೆಗಳ ಸರಾಸರಿಯನ್ನು ಒಂದು ಮಗುವಿನ ಮೇಲೆ ಹೀಗೆ ಹಂಚಲು ಬರುವುದಿಲ್ಲ. ಒಂದು ಇನ್ನೊಂದರ ಜೊತೆ ಹೆಣೆದುಕೊಂಡಿರುತ್ತದೆ. ರಕ್ತ ಕಡಿಮೆ ಇದ್ದರೆ ದಿನಕ್ಕೆ ಮುಂಚೆ ಹೆರಿಗೆ ಆಗುವುದೂ ಜಾಸ್ತಿ. ಹಾಗಾದರೆ ಆ 400 ಗ್ರಾಂ ಯಾವ ಖಾತೆಗೆ ಹೋಗಬೇಕು?

"ಇವರಪ್ಪನ ಕಡೆಯವರೆಲ್ಲ ಎತ್ತರ, ಇದೊಂದು ಯಾಕೋ ನಿಮ್ಮ ಕಡೆ" ಅನ್ನುವ ಮಾತೂ ಆಗ ಬಂದಿತ್ತು. ಅದಕ್ಕೆ ಉತ್ತರ ಕುದುರೆಗಳ ಕಥೆಯಲ್ಲಿ ಸಿಕ್ಕಿತು. 1938ರಲ್ಲಿ ಇಂಗ್ಲೆಂಡಿನಲ್ಲಿ ವಾಲ್ಟನ್ ಮತ್ತು ಹ್ಯಾಮಂಡ್ ಅನ್ನುವ ಇಬ್ಬರು ದೈತ್ಯ ಗಾತ್ರದ ಶೈರ್ ಕುದುರೆಗೂ ಗಿಡ್ಡ ಶೆಟ್‌ಲ್ಯಾಂಡ್ ಪೋನಿಗೂ ಮರಿ ಮಾಡಿಸಿದರು, ಎರಡೂ ರೀತಿಯಲ್ಲಿ. ತಾಯಿ ಶೈರ್ ಆದಾಗ ಮರಿ ದೊಡ್ಡದು. ತಾಯಿ ಪೋನಿ ಆದಾಗ, ಅಪ್ಪ ಎಷ್ಟೇ ದೊಡ್ಡ ಕುದುರೆ ಆಗಿದ್ದರೂ, ಮರಿ ಚಿಕ್ಕದು. ಅಪ್ಪನ ಎತ್ತರ ಮುಂದೆ ಬೆಳೆಯುವಾಗ ಬರುತ್ತದೆ. ಹುಟ್ಟುವ ಹೊತ್ತಿನ ಅಳತೆಯಲ್ಲಿ ತಾಯಿಯ ಮೈಯ ಮಾತೇ ಜಾಸ್ತಿ ನಡೆಯುತ್ತದೆ. ನನ್ನ ದೊಡ್ಡವಳು ಈಗ ನನಗಿಂತ ಮೂರು ಬೆರಳು ಎತ್ತರ.

ಗುಂಡಗಿದ್ದಾಳೆ

ಚಿಕ್ಕವಳ ತಕ್ಕಡಿ 3.550 ತೋರಿಸಿದಾಗ ಎಲ್ಲರ ಮುಖವೂ ಅರಳಿತು. ಮೈಸೂರಿನ ಆ ವಾರ್ಡಿಗೆ ಬಂದವರೆಲ್ಲ "ಗುಂಡಗಿದ್ದಾಳೆ" ಅಂದರು. ಕೆನ್ನೆ, ಮಣಿಕಟ್ಟಿನ ಮಡಿಕೆ, ಎಲ್ಲ ಮುಟ್ಟಿ ನೋಡಿದರು. "ಈ ಸಲ ಚೆನ್ನಾಗಿ ತಿಂದಿದೀಯ" ಅಂತ ನನ್ನ ಬೆನ್ನು ತಟ್ಟಿದರು. ನನಗೆ ಆ ಮಾತು ಬೇಕಾಗಿತ್ತು. ಆರು ವರ್ಷ ಕಾದಿದ್ದ ಮಾತು.

ಅದೇ ಹೊತ್ತಿಗೆ ಮಂಚದ ಇನ್ನೊಂದು ಪಕ್ಕದಲ್ಲಿ ನರ್ಸ್ ಮಗುವಿನ ಹಿಮ್ಮಡಿಗೆ ಸೂಜಿ ಚುಚ್ಚುತ್ತಿದ್ದರು. ಹಿಮ್ಮಡಿಯ ಅಂಚಿನಲ್ಲಿ ಒಂದು ಚುಕ್ಕೆ ರಕ್ತ. ಅದನ್ನು ಪಟ್ಟಿಯ ತುದಿಗೆ ತಾಕಿಸಿ ಸಕ್ಕರೆ ನೋಡುವುದು. ಕೆಲವು ಗಂಟೆ ಬಿಟ್ಟು ಮತ್ತೆ. ಅವಳು ಬೆಚ್ಚಿ ಕಾಲು ಎಳೆದುಕೊಳ್ಳುತ್ತಿದ್ದಳು. ಯಾಕೆ ಅಂದರೆ ನನಗೆ ಬಸುರಿನಲ್ಲಿ ಸಕ್ಕರೆ ಕಾಣಿಸಿತ್ತು. ಏಳನೇ ತಿಂಗಳಲ್ಲಿ 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ, ಎರಡು ಗಂಟೆ ಬಿಟ್ಟು ನೋಡಿದಾಗ 158 ಬಂದಿತ್ತು. 140 ದಾಟಿದರೆ ಬಸುರಿನ ಸಕ್ಕರೆ ಕಾಯಿಲೆ ಅನ್ನುತ್ತಾರೆ. ತಾಯಿಯ ರಕ್ತದ ಜಾಸ್ತಿ ಸಕ್ಕರೆ ಮಾಸು ದಾಟಿ ಮಗುವಿಗೆ ಹೋಗುತ್ತದೆ. ಅದನ್ನು ಅರಗಿಸಲು ಮಗು ಜಾಸ್ತಿ ಇನ್ಸುಲಿನ್ ಮಾಡಿಕೊಳ್ಳುತ್ತದೆ, ಮೈ ತುಂಬಿಕೊಳ್ಳುತ್ತದೆ. ಹುಟ್ಟಿದ ಕೂಡಲೇ ತಾಯಿಯಿಂದ ಬರುವ ಸಕ್ಕರೆ ನಿಲ್ಲುತ್ತದೆ, ಇನ್ಸುಲಿನ್ ಮಾತ್ರ ಇನ್ನೂ ಇರುತ್ತದೆ. ಆಗ ಮಗುವಿನ ಸಕ್ಕರೆ ಇಳಿದುಬಿಡುವ ಅಪಾಯ. ಅದಕ್ಕೇ ಆ ಸೂಜಿ.

ನೆಂಟರು ಮೆಚ್ಚಿದ ಆ ಗುಂಡು ಕೆನ್ನೆಯಲ್ಲಿ ಸ್ವಲ್ಪ ಭಾಗ ನನ್ನ ಸಕ್ಕರೆಯದು. ದೊಡ್ಡವಳ ತೂಕಕ್ಕೆ ನನ್ನನ್ನು ಬೈದದ್ದು ಎಷ್ಟು ತಪ್ಪೋ ಚಿಕ್ಕವಳ ತೂಕಕ್ಕೆ ಹೊಗಳಿದ್ದೂ ಅಷ್ಟೇ ತಪ್ಪು. ಇದು ಹೊಳೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಒಂದೇ ತಾಯಿಯ ಮಕ್ಕಳನ್ನು ಹೋಲಿಸಿ ನೋಡುವುದನ್ನು ವಿಜ್ಞಾನಿಗಳೂ ಬೇಕೆಂದೇ ಮಾಡುತ್ತಾರೆ. ಅರಿಜೋನಾದ ಪಿಮಾ ಬುಡಕಟ್ಟಿನಲ್ಲಿ ಸಕ್ಕರೆ ಕಾಯಿಲೆ ಬಹಳ. ಅಲ್ಲಿ ತಾಯಿಗೆ ಕಾಯಿಲೆ ಬರುವ ಮುಂಚೆ ಹುಟ್ಟಿದ ಮಗುವನ್ನೂ ಬಂದ ಮೇಲೆ ಹುಟ್ಟಿದ ಮಗುವನ್ನೂ ಹೋಲಿಸಿ 2000ದಲ್ಲಿ ಒಂದು ಅಧ್ಯಯನ ಬಂತು. ಮನೆ ಅದೇ, ಊಟ ಅದೇ, ರಕ್ತ ಅದೇ. ಆದರೂ ಆಮೇಲೆ ಹುಟ್ಟಿದವರಿಗೆ ದೊಡ್ಡವರಾದಾಗ ಸಕ್ಕರೆ ಕಾಯಿಲೆ ಬರುವುದು ಜಾಸ್ತಿ ಇತ್ತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಅನ್ನುತ್ತೇವೆ. ಹೊಟ್ಟೆ ಪ್ರತಿ ಸಲ ಒಂದೇ ಆಗಿರುವುದಿಲ್ಲ.

ಮಿಷನ್ ಆಸ್ಪತ್ರೆಯ ಪುಸ್ತಕಗಳು

ಈ ವಿಷಯ ಹಿಡಿದು ಹೋದವರು ಮೈಸೂರಿಗೆ ಬಂದೇ ಬರುತ್ತಾರೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಾವೆಲ್ಲ ಮಿಷನ್ ಆಸ್ಪತ್ರೆ ಅನ್ನುವುದು, ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ತೂಕ ಪೌಂಡಿನಲ್ಲಿ. ಆ ಮಕ್ಕಳು ದೊಡ್ಡವರಾಗಿ, ನಡುವಯಸ್ಸಿಗೆ ಬಂದ ಮೇಲೆ ಸಂಶೋಧಕರು ಮೈಸೂರಿನಲ್ಲಿ ಅವರನ್ನು ಹುಡುಕಿ ಹೃದಯ ಪರೀಕ್ಷೆ ಮಾಡಿದರು. 1996ರಲ್ಲಿ ಫಲಿತಾಂಶ ಪ್ರಕಟವಾಯಿತು. ಹುಟ್ಟುವಾಗ ಐದೂವರೆ ಪೌಂಡ್, ಅಂದರೆ ಎರಡೂವರೆ ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ಕಾಯಿಲೆ. ಏಳು ಪೌಂಡ್ ದಾಟಿದವರಲ್ಲಿ ನೂರಕ್ಕೆ 3. ಇದಕ್ಕೆ ಮೊದಲು ಇಂಗ್ಲೆಂಡಿನ ಡೇವಿಡ್ ಬಾರ್ಕರ್, ಹರ್ಟ್‌ಫರ್ಡ್‌ಶೈರ್‌ನ ಸೂಲಗಿತ್ತಿಯರು 1911ರಿಂದ ಬರೆದಿಟ್ಟ ಪುಸ್ತಕಗಳಿಂದ ಇದನ್ನೇ ಕಂಡಿದ್ದರು.

ಅದನ್ನು ಓದಿ ನನ್ನ ಕೈ ತಣ್ಣಗಾಯಿತು. ದೊಡ್ಡವಳ ಕೋಣೆಗೆ ಹೋಗಿ ಅವಳು ಮಲಗಿರುವುದನ್ನು ನೋಡಿ ಬಂದೆ. ಮಾರನೇ ದಿನ ಗೆಳತಿಗೆ ಫೋನ್ ಮಾಡಿದೆ. ಅವಳು ಎರಡು ಮಾತು ಹೇಳಿದಳು. ಒಂದು, ನೂರಕ್ಕೆ 11 ಅಂದರೆ 89 ಮಂದಿಗೆ ಇರಲಿಲ್ಲ ಅಂತ. ಇನ್ನೊಂದು, ಬರೀ ತೂಕಕ್ಕೆ ಅಂಟಿಕೊಳ್ಳಬೇಡ ಅಂತ. ಪುಣೆಯ ಡಾಕ್ಟರ್ ಯಾಜ್ಞಿಕ್ ಅವರ ಕೆಲಸವನ್ನು ಅವಳೇ ತಿಳಿಸಿದ್ದು. ಪುಣೆ ಸುತ್ತಿನ ಹಳ್ಳಿಗಳ ಮಕ್ಕಳು ಸರಾಸರಿ 2.7 ಕೆ.ಜಿ., ಇಂಗ್ಲೆಂಡಿನ ಸೌತಾಂಪ್ಟನ್ನಿನ ಮಕ್ಕಳು 3.5. ನಮ್ಮ ಮಕ್ಕಳ ತೂಕ ಕಡಿಮೆ, ಸ್ನಾಯು ಕಡಿಮೆ, ಆದರೆ ಚರ್ಮದ ಕೆಳಗಿನ ಕೊಬ್ಬು ಅಷ್ಟೊಂದು ಕಡಿಮೆ ಇಲ್ಲ. ಅಂಥ ಮಗುವಿಗೆ "ತೂಕ ಬರಲಿ" ಅಂತ ತುರುಕಿ ತುರುಕಿ ತಿನ್ನಿಸಿದರೆ ಬೆಳೆಯುವುದು ಸ್ನಾಯುಗಿಂತ ಕೊಬ್ಬೇ ಜಾಸ್ತಿ. ನಾನು ದೊಡ್ಡವಳಿಗೆ ಮೂರು ವರ್ಷದವರೆಗೆ ತುಪ್ಪ ಸಕ್ಕರೆ ಕಲಸಿ ಕೊಟ್ಟಿದ್ದು ನೆನಪಾಯಿತು, ಆ 150 ಗ್ರಾಂ ಹೇಗಾದರೂ ತೀರಿಸಬೇಕು ಅನ್ನುವ ಹಟದಲ್ಲಿ.

ಹಾಲೆಂಡಿನಲ್ಲಿ 1944-45ರ ಚಳಿಗಾಲದಲ್ಲಿ ಜರ್ಮನ್ ಸೇನೆ ಊಟ ತಡೆದಾಗಿನ ಕಥೆಯೂ ಇದನ್ನೇ ಹೇಳುತ್ತದೆ. ಬಸುರಿನ ಕೊನೇ ಮೂರು ತಿಂಗಳು ಹಸಿದಿದ್ದ ತಾಯಂದಿರ ಮಕ್ಕಳು ಸುಮಾರು 300 ಗ್ರಾಂ ಹಗುರ. ಶುರುವಿನ ತಿಂಗಳಲ್ಲಿ ಹಸಿದು, ಆಮೇಲೆ ಊಟ ಸಿಕ್ಕವರ ಮಕ್ಕಳ ತೂಕ ಸರಿಯಾಗೇ ಇತ್ತು. ಆದರೆ ದೊಡ್ಡವರಾದ ಮೇಲೆ ಹೃದಯದ ತೊಂದರೆ ಜಾಸ್ತಿ ಕಂಡದ್ದು ಇವರಲ್ಲೇ. ತಕ್ಕಡಿಗೆ ಕಾಣದ ಹಸಿವೂ ಇರುತ್ತದೆ.

ಇನ್ನೊಂದು ಅಂಕಿ ನನ್ನನ್ನು ಬಿಡುತ್ತಿಲ್ಲ. ಭಾರತದಲ್ಲಿ ಬಸುರಾಗುವ ಹೊತ್ತಿಗೇ ನೂರಕ್ಕೆ 42 ಹೆಂಗಸರ ತೂಕ ಇರಬೇಕಾದ್ದಕ್ಕಿಂತ ಕಡಿಮೆ ಅಂತ ಡಯೇನ್ ಕಾಫಿ ಅನ್ನುವವರು 2005-06ರ ಸಮೀಕ್ಷೆಯಿಂದ ಲೆಕ್ಕ ಹಾಕಿ 2015ರಲ್ಲಿ ಬರೆದರು. ಬಡತನ ನಮಗಿಂತ ಜಾಸ್ತಿ ಇರುವ, ಸಹಾರಾ ಮರುಭೂಮಿಯ ದಕ್ಷಿಣದ ಆಫ್ರಿಕಾದಲ್ಲಿ ಆ ಅಂಕಿ 16ರ ಸುಮಾರು. ನನ್ನ 43 ಕೆ.ಜಿ. ಒಂಬತ್ತು ತಿಂಗಳಲ್ಲಿ ಆದದ್ದಲ್ಲ. ಹಾಸ್ಟೆಲಿನ ತಿಳಿ ಸಾರು, ಮದುವೆಯಾಗಿ ಹೋದ ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ತಿಂದ ಎರಡು ವರ್ಷ, ಎಲ್ಲ ಅದರಲ್ಲಿದೆ. ಎರಡನೇ ಸಲ 58 ಕೆ.ಜಿ. ಇದ್ದೆ. ಅಷ್ಟು ಹೊತ್ತಿಗೆ ಅಡುಗೆಮನೆ ನನ್ನದಾಗಿತ್ತು. ಹಸಿದಾಗ ತಟ್ಟೆ ಹಾಕಿಕೊಂಡು ಕೂರಲು ಯಾರನ್ನೂ ಕೇಳಬೇಕಾಗಿರಲಿಲ್ಲ.

ಅರ್ಧ ಮೊರ

ಹೊಸ ಮನೆಯ ಅಂಗಳದಲ್ಲಿ ಕೂತು ಇದನ್ನೆಲ್ಲ ಮಗಳಿಗೆ ಹೇಳಿದೆ. ಅವಳಿಗೆ ಕಾಲುವೆಯ ಮಾತು ಇಷ್ಟವಾಯಿತು. "ಹಾಗಾದ್ರೆ ದಾರಿ ಮಾಡಿದ್ದು ನಾನು" ಅಂತ ತಂಗಿಯನ್ನು ತಿವಿದಳು. ಆಮೇಲೆ ಕೇಳಿದಳು: "ಅಂದ್ರೆ ಅದು ನಿನ್ನ ತಪ್ಪಲ್ವಾ?"

"ಅಲ್ಲ" ಅಂದೆ. ಅಷ್ಟು ಚಿಕ್ಕ ಮಾತು ಬಾಯಿಗೆ ಬರಲು ಸ್ವಲ್ಪ ಹೊತ್ತೇ ಹಿಡಿಯಿತು.

"ಅಜ್ಜೀದಾ?"

ಅಜ್ಜಿಗೇ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. ಅಮ್ಮ ಹುಟ್ಟುವಾಗ ಎಷ್ಟು ತೂಕ ಇದ್ಲು ಅಂತ ನನ್ನ ಬಗ್ಗೆ ಕೇಳಿದಳು. ಅಮ್ಮ ನಕ್ಕಳು. "ತೂಕ ಯಾರವ್ವ ನೋಡ್ದೋರು. ಮನೇಲೇ ಹುಟ್ಟಿದ್ದು. ಮೊರದಲ್ಲಿ ಮಲಗಿಸಿದ್ರೆ ಅರ್ಧ ಮೊರ ಖಾಲಿ ಇತ್ತು ನಿಮ್ಮಮ್ಮಂಗೆ." ಆಮೇಲೆ ಸುಮ್ಮನಿದ್ದು, ತಾನೇ ಹೇಳಿದಳು. "ಆ ವರ್ಷ ಮಳೆ ಕೈಕೊಟ್ಟಿತ್ತು. ಗಂಡಸ್ರಿಗೆ ಹಾಕಿ, ಮಕ್ಕಳಿಗೆ ಹಾಕಿ, ನನ್ ಪಾಲಿಗೆ ಮುದ್ದೆ ಅನ್ನೋದು ನಿಂಬೆಹಣ್ಣು ಗಾತ್ರ ಉಳೀತಿತ್ತು."

ಹೆಣ್ಣು ಮಗುವಿನ ಅಂಡಗಳೆಲ್ಲ ಅದು ಇನ್ನೂ ತಾಯಿಯ ಹೊಟ್ಟೆಯಲ್ಲಿ ಇರುವಾಗಲೇ ಆಗಿರುತ್ತವೆ. ಅಂದರೆ ಆ ಅರ್ಧ ಮೊರದಲ್ಲಿ ಮಲಗಿದ್ದ ನನ್ನೊಳಗೆ ನನ್ನ ದೊಡ್ಡ ಮಗಳಾಗಬೇಕಾದ ಅಂಡವೂ ಆಗಲೇ ಇತ್ತು. ಹುಟ್ಟುವಾಗ ಹಗುರ ಇದ್ದ ತಾಯಿಗೆ ಹಗುರ ಮಗು ಹುಟ್ಟುವುದು ಜಾಸ್ತಿ ಅನ್ನುವುದನ್ನೂ ಓದಿದ್ದೆ. ಫೋನಿನಲ್ಲಿ ಅಮ್ಮನಿಗೆ ಇದನ್ನು ಹೇಳಲಿಲ್ಲ. ರಾತ್ರಿ ಊಟ ಅರ್ಧ ಮಾಡಿದ್ದಕ್ಕೆ ಅವಳ ಮೇಲೆ ಇಷ್ಟು ವರ್ಷ ಒಂದು ಸಣ್ಣ ಸಿಟ್ಟು ಇಟ್ಟುಕೊಂಡಿದ್ದೆ. ಅದನ್ನೂ ಹೇಳಲಿಲ್ಲ. "ಊಟ ಆಯ್ತಾ?" ಅಂತ ಕೇಳಿದೆ. "ಈಗ ತಟ್ಟೆ ಹಾಕ್ಕೊಂಡೆ" ಅಂದಳು.

ಫೋನ್ ಇಟ್ಟ ಮೇಲೆ ಮಗಳು ಹಳೇ ಕಾರ್ಡನ್ನು ಮತ್ತೆ ತೆಗೆದು 8.2ರ ಮೇಲೆ ಬೆರಳಿಟ್ಟಳು. ಮಾತ್ರೆ ಯಾಕೆ ತಗೊಳ್ಳಲಿಲ್ಲ ಅಂತ ಕೇಳಿದಳು. ಹೊಟ್ಟೆ ತೊಳಸುತ್ತಿತ್ತು ಅಂದೆ. ಅವಳು ಎದ್ದು ಒಳಗೆ ಹೋಗಿ ಜಾಮಿಟ್ರಿ ಬಾಕ್ಸ್ ತಂದಳು. ಸ್ಕೂಲಿನಲ್ಲಿ ಸೋಮವಾರ ಸೋಮವಾರ ಹೆಣ್ಣು ಮಕ್ಕಳಿಗೂ ಗಂಡು ಮಕ್ಕಳಿಗೂ ಕಬ್ಬಿಣದ ಮಾತ್ರೆ ಕೊಡುತ್ತಾರೆ. ಆಮೇಲೆ ತಗೊಳ್ತೀನಿ ಅಂತ ಹೇಳಿ ಇವಳು ಡಬ್ಬಿಗೆ ಹಾಕಿಕೊಳ್ಳುತ್ತಿದ್ದಳಂತೆ. "ನಂಗೂ ತೊಳಸುತ್ತೆ ಅಮ್ಮ" ಅಂದಳು.

ಮುಂದೆ ನಿನಗೆ ಮಗು ಆದಾಗ ಅಂತ ಶುರು ಮಾಡಲು ಬಾಯಿ ತೆರೆದಿದ್ದೆ. ಅವಳ ಮುಖ ನೋಡಿ ಅದನ್ನು ಒಳಗೇ ಬಿಟ್ಟೆ. ಅವಳಿಗಿನ್ನೂ ಹದಿನೈದು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತೆ ಅಂತ ಹೋದ ವಾರ ಹೇಳಿದ್ದಳು. "ಖಾಲಿ ಹೊಟ್ಟೇಲಿ ಬೇಡ, ಊಟ ಆದ್ಮೇಲೆ ತಗೊಂಡು ನೋಡು, ಮೆಟ್ಟಿಲು ಹತ್ತೋದು ಸುಲಭ ಆಗುತ್ತೆ" ಅಂದೆ.

ಅವಳು ಕೈವಾರದ ಪಕ್ಕದಿಂದ ಒಂದೊಂದೇ ತೆಗೆದು ಕಾರ್ಡಿನ ಮೇಲೆ ಸಾಲಾಗಿ ಇಟ್ಟಳು. ಐದು ನೀಲಿ ಮಾತ್ರೆ.